ನೀರಿನ ಟಾಕಿಯ ತಾಲೀಮು

ನಮ್ಮ ಶಿವಕಾಂತಾಳಿಗೆ ಹೊಟ್ಟೆಕಿಚ್ಚು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ. ಎದುರು ಮನೆಯ ನಲ್ಲಿಗೆ ನಮಗಿಂತ ಮೊದಲು ನೀರು ಬಂದರೆ ಸಾಕು, ಮುಖ ಊದಿಸಿಕೊಳ್ಳುತ್ತಾಳೆ. ಮದುವೆಯಾಗಿ ಅಫಜಲಪುರದ ಈ ಮನೆಗೆ ಬಂದ ಮೊದಲ ವಾರದಲ್ಲೇ, ನಮ್ಮ ಅತ್ತೆ ನನ್ನ ತಟ್ಟೆಗೆ ಹೆಚ್ಚು ತುಪ್ಪ ಬಡಿಸಿದರೆಂದು ಊಟ ಬಿಟ್ಟು ಎದ್ದವಳು ಅವಳು. ನಾನು ಹಿರಿ ಸೊಸೆ, ಅವಳು ಕಿರಿ ಸೊಸೆ. ಆವತ್ತಿನಿಂದ ಈವತ್ತಿನವರೆಗೆ ಒಂದೇ ಅಡುಗೆಮನೆಯಲ್ಲಿ ಬೇಯುತ್ತಿದ್ದೇವೆ. ಅವಳ ಬಗ್ಗೆ ಮಾತಾಡಲು ನನಗಿರುವಷ್ಟು ಹಕ್ಕು ಅವಳ ಗಂಡ, ನನ್ನ ಮೈದುನ ಬೀರಲಿಂಗಪ್ಪನಿಗೂ ಇಲ್ಲ.

ಅವಳ ತವರು ಆಳಂದ ತಾಲೂಕಿನ ಹಿರೋಳ್ಳಿ. ಅಪ್ಪ ಪೈಲ್ವಾನ. ಗಡಿ ದಾಟಿ ಮಹಾರಾಷ್ಟ್ರದ ಕುಸ್ತಿಗಳಿಗೂ ಹೋಗಿ ಬರುತ್ತಿದ್ದನಂತೆ. ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿದ ದಿನ ಅವನು ಊರ ಮುಂದಿನ ದಾರಿ ಬಿಟ್ಟು ಹೊಲದ ಬದುವಿನ ಮೇಲೆ ಹಾದು, ಹಿತ್ತಲ ಬಾಗಿಲಿನಿಂದ ಮನೆ ಸೇರುತ್ತಿದ್ದ. ಎರಡು ದಿನ ಯಾರಿಗೂ ಮುಖ ತೋರಿಸುತ್ತಿರಲಿಲ್ಲ. ಈ ಕಥೆಯನ್ನು ಶಿವಕಾಂತಾ ಹೆಮ್ಮೆಯಿಂದ ಹೇಳುತ್ತಾಳೆ. ಸೋಲುವುದೆಂದರೆ ಆ ಮನೆಯಲ್ಲಿ ಮೈಲಿಗೆ ಇದ್ದ ಹಾಗೆ.

ಇಂಥವಳಿಗೆ ಗೆಳತಿ ಎಂದರೆ ಒಬ್ಬಳೇ, ಕರೀಮುನ್ನಿಸಾ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಬ್ಬರೂ ಸೇರಿ ರೊಟ್ಟಿ ಕೇಂದ್ರ ನಡೆಸುತ್ತಾರೆ. ಶಿವಕಾಂತಾ ಬಡಿಯುತ್ತಾಳೆ, ಕರೀಮುನ್ನಿಸಾ ಬೇಯಿಸುತ್ತಾಳೆ. ಬಡಿದ ರೊಟ್ಟಿಯನ್ನು ಇವಳು ಅಂಗೈ ಮೇಲೆ ಎತ್ತುವಷ್ಟರಲ್ಲಿ ಅವಳ ಕೈ ಅಲ್ಲಿರುತ್ತದೆ. ಇಬ್ಬರೂ ಮುಖ ನೋಡಿಕೊಳ್ಳದೆ ಮಧ್ಯಾಹ್ನದವರೆಗೆ ಹಾಗೇ ಕೆಲಸ ಮಾಡುತ್ತಾರೆ, ಬಾಯಿ ಮಾತ್ರ ಊರೆಲ್ಲ ಸುತ್ತಿ ಬರುತ್ತದೆ. ಒಬ್ಬಳಿಗೆ ಜ್ವರ ಬಂದರೆ ಅಂಗಡಿಯೇ ಬಂದ್. ಬೇರೆಯವರನ್ನು ಕರೆದು ನೋಡಿದ್ದಾರೆ, ಹೊಂದಿಕೆಯಾಗಿಲ್ಲ.

ಕರೀಮುನ್ನಿಸಾ ಕರಜಗಿಯವಳು. ಅವಳಪ್ಪ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದು ಅವನ ಕೆಲಸ, ಆದರೆ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಬೆಲೆಗಲ್ಲ, ಜೋಡಿ ಆರಿಸಿಕೊಡಲಿಕ್ಕೆ. ಯಾವ ಎತ್ತಿನ ಪಕ್ಕಕ್ಕೆ ಯಾವುದು ಹೊಂದುತ್ತದೆ ಎಂಬುದು ಅವನಿಗೆ ನೋಡಿದ ಕೂಡಲೇ ತಿಳಿಯುತ್ತಿತ್ತು. ಸಣ್ಣವಳಿದ್ದಾಗ ಅಪ್ಪನ ಹಿಂದೆ ಸಂತೆಗೆ ಹೋಗಿ ಇವಳೂ ಅದನ್ನು ಕಲಿತಳು. ಈಗ ಎತ್ತುಗಳು ಎಲ್ಲಿವೆ? ಎಲ್ಲ ಕಡೆ ಟ್ರ್ಯಾಕ್ಟರು. ಆ ಬುದ್ಧಿ ಖಾಲಿ ಬಿದ್ದಿತ್ತು, ಫೋನಿನ ಆಟ ಬರುವವರೆಗೆ.

ಆಟ ಬಂದದ್ದು ಸಕ್ಕರೆ ಕಾಯಿಲೆಯಿಂದ. ಡಾಕ್ಟರು ಇಬ್ಬರಿಗೂ ಸಂಜೆ ನಡೆಯಲು ಹೇಳಿದರು. ಇಬ್ಬರೂ ಓಣಿಯ ಕೊನೆಯವರೆಗೆ ಹೋಗಿ, ಯಾರದಾದರೂ ಕಟ್ಟೆಯ ಮೇಲೆ ಕೂತು ಹರಟೆ ಹೊಡೆದು ಬರುತ್ತಿದ್ದರು. ರೊಟ್ಟಿ ಒಯ್ಯಲು ಬರುವ ಕಾಲೇಜು ಹುಡುಗಿಯರು ಇದನ್ನು ನೋಡಿ, ಪ್ರಾಣಿ ಹಿಡಿಯುವ ಆಟವನ್ನು ಇಬ್ಬರ ಫೋನಿಗೂ ಹಾಕಿಕೊಟ್ಟರು. ನಡೆಯದಿದ್ದರೆ ಪ್ರಾಣಿ ಸಿಗುವುದಿಲ್ಲ. ಅಲ್ಲಿಂದ ಶುರುವಾಯಿತು ನೋಡಿ. ಮೊಣಕಾಲು ನೋವೆಂದು ದೇವರಿಗೆ ಪ್ರದಕ್ಷಿಣೆ ಹಾಕದ ಶಿವಕಾಂತಾ, ಫೋನು ಹಿಡಿದು ಊರಿಗೆ ಪ್ರದಕ್ಷಿಣೆ ಹಾಕತೊಡಗಿದಳು.

ಆಟ ತಿಳಿಯದವರಿಗೆ ಒಂದಿಷ್ಟು ಹೇಳಬೇಕು. ದಾರಿಯಲ್ಲಿ ಹೋಗುವಾಗ ಫೋನಿನಲ್ಲಿ ಬಣ್ಣಬಣ್ಣದ ಪ್ರಾಣಿಗಳು ಕಾಣುತ್ತವೆ, ಅವನ್ನು ಹಿಡಿದು ಹೆಸರಿಟ್ಟುಕೊಳ್ಳಬೇಕು. ಆಡುವವರಲ್ಲಿ ನೀಲಿ ಪಾರ್ಟಿ, ಹಳದಿ ಪಾರ್ಟಿ ಎಂದು ಎರಡು. ಊರಿನ ಕೆಲವು ಕಡೆ ಜಿಮ್ ಇರುತ್ತದೆ, ನಮ್ಮಲ್ಲಿ ಅದು ಇರುವುದು ನೀರಿನ ಟಾಕಿಯ ಹತ್ತಿರ. ಪೈಲ್ವಾನರು ಮೈ ಪಳಗಿಸುವ ಜಾಗವನ್ನು ನಮ್ಮ ಕಡೆ ತಾಲೀಮು ಎನ್ನುವುದರಿಂದ ಶಿವಕಾಂತಾ ಅದನ್ನು ತಾಲೀಮು ಎಂದಳು, ಎಲ್ಲರಿಗೂ ಅದೇ ರೂಢಿಯಾಯಿತು. ಗೆದ್ದ ಪಾರ್ಟಿಯವರ ಪ್ರಾಣಿಗಳು ಅಲ್ಲಿ ಕೂರುತ್ತವೆ, ಒಬ್ಬರದು ಒಂದೇ. ಜಾಗ ಕಡಿಮೆ. ಇನ್ನೊಂದು ಜಾಗ ತೆರೆಯಬೇಕಾದರೆ, ಕೂತಿರುವ ನಮ್ಮವರದೇ ಪ್ರಾಣಿಯ ಜೊತೆ ನಮ್ಮ ಪ್ರಾಣಿಗಳನ್ನು ಕಾದಾಡಿಸಿ ಅಂಕ ಗಳಿಸಬೇಕು. ಅದಕ್ಕೆ ಐದರ ತಂಡ ಆರಿಸಿಕೊಳ್ಳಬೇಕು. ಕೂತದ್ದಕ್ಕಿಂತ ದೊಡ್ಡದನ್ನು ಬಿಟ್ಟು ಗೆದ್ದರೆ ಅಂಕ ಬಂದರೂ ಬಂತು ಇಲ್ಲದಿದ್ದರೂ ಇಲ್ಲ. ಸಣ್ಣದನ್ನು ಬಿಟ್ಟು ದೊಡ್ಡದನ್ನು ಕೆಡವಿದರೆ ಅಂಕವೋ ಅಂಕ. ಹೀಗೆ ನಮ್ಮವರ ಕೈಯಲ್ಲೇ ಸೋತ ಪ್ರಾಣಿಗೆ ಏನೂ ಆಗುವುದಿಲ್ಲ, ತನ್ನ ಜಾಗದಲ್ಲೇ ಕೂತಿರುತ್ತದೆ.

ಶಿವಕಾಂತಾಳ ಹತ್ತಿರ ಬೆಂಕಿ ಉಗುಳುವ ಒಂದು ದಪ್ಪ ಓತಿಕ್ಯಾತ ಇತ್ತು. ಊರಲ್ಲಿ ಅಷ್ಟು ದೊಡ್ಡದು ಇನ್ನೊಬ್ಬರಲ್ಲಿಲ್ಲ. ಅದಕ್ಕೆ ಅವಳು ಚೇರ್ಮನ್ ಎಂದು ಹೆಸರಿಟ್ಟಿದ್ದಳು. ತಾಲೀಮಿಗೆ ತಂಡ ಕಟ್ಟು ಎಂದರೆ ಮೊದಲು ಚೇರ್ಮನ್, ಆಮೇಲೆ ಅದಕ್ಕಿಂತ ಸ್ವಲ್ಪ ಸಣ್ಣದು, ಹೀಗೆ ಮದುವೆ ಪಂಕ್ತಿಯಲ್ಲಿ ಬೀಗರನ್ನು ಕೂರಿಸಿದಂತೆ ಮಾನಮರ್ಯಾದೆ ನೋಡಿ ಕೂರಿಸುತ್ತಿದ್ದಳು. ಅಂಕ ಬರುತ್ತಿರಲಿಲ್ಲ.

"ಎಲ್ಲಾ ದೊಡ್ಡವನ್ನ ಯಾಕ ಹಾಕ್ತಿ ಬೇ?" ಎಂದು ಕರೀಮುನ್ನಿಸಾ ಅವಳ ಕೈಯಿಂದ ಫೋನು ತೆಗೆದುಕೊಳ್ಳುತ್ತಿದ್ದಳು. "ಹಳದಿಯವರ ಜೋಡಿ ಕಾದಾಡಾಗ ಇವನ್ನ ಹಾಕು. ಇದು ತಾಲೀಮು. ಹೊಸಾ ಹೋರಿನ ನೊಗಕ್ಕ ಹಚ್ಚಾಗ ಬಾಜೂಕ ಎಂಥಾ ಎತ್ತ ಕಟ್ತಾರ? ದೊಡ್ಡದಿರಬೇಕು, ಒದಿಬಾರದು. ಹೋರಿ ಜಿಗದಾಡಿದ್ರ ನಿಂತ ತಡಕೋಬೇಕು. ಇಲ್ಲಿ ಕುಂತದ್ದು ಆ ಎತ್ತು, ನಾವು ಹಾಕೂದು ಹೋರಿ."

ಹಾಗೆ ಹೇಳಿ, ಯಾರೂ ಲೆಕ್ಕಕ್ಕಿಡದ ಒಂದು ನೀರಿನ ಬಸವನಹುಳು, ಒಂದು ಕಪ್ಪೆ, ಬಾಲವಿಲ್ಲದ ಒಂದು ಮೀನು, ಇಂಥವನ್ನೇ ಆರಿಸುತ್ತಿದ್ದಳು. ಬೆಂಕಿಯ ಪ್ರಾಣಿಗೆ ನೀರಿನದು, ನೀರಿನದಕ್ಕೆ ಗಿಡಬಳ್ಳಿಯದು. ಸಣ್ಣದಾಗಿರಬೇಕು, ಆದರೆ ಎದುರಿನದರ ಗುಣಕ್ಕೆ ತಕ್ಕದ್ದಾಗಿರಬೇಕು. ಅವಳ ಸ್ವಂತ ಫೋನಿನಲ್ಲೂ ಅಂಥದೇ ಒಂದು ಬಸವನಹುಳು, ಅದಕ್ಕೆ ಗಿಡ್ಡಿ ಎಂದು ಹೆಸರು. ಗಿಡ್ಡಿ ಹೋಗಿ ಆನೆಯಂಥದನ್ನು ಕೆಡವಿ ಬಂದಾಗ ಇಬ್ಬರೂ ಟಾಕಿಯ ಬುಡದಲ್ಲಿ ನಿಂತು ನಕ್ಕ ನಗು ನಮ್ಮ ಮನೆಯವರೆಗೆ ಕೇಳುತ್ತಿತ್ತು. ನಾನು ಆಗ ಹೊಲಿಗೆ ಮುಂದೆ ಹಾಕಿಕೊಂಡು ಕಿಟಕಿಯಲ್ಲಿ ಕೂತು, ಈ ವಯಸ್ಸಿನಲ್ಲಿ ಇವರಿಗೇನು ಬಂತು ಎಂದುಕೊಳ್ಳುತ್ತಿದ್ದೆ.

ಆಮೇಲೆ ನಿಶಾತ ಬಂದಳು.

ನಿಶಾತ ಕರೀಮುನ್ನಿಸಾಳ ಅಕ್ಕನ ಮಗಳು, ಜೇವರ್ಗಿಯ ಹುಡುಗಿ. ನರ್ಸಿಂಗ್ ಮುಗಿಸಿ ನಮ್ಮೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ಖಾಲಾನ, ಅಂದರೆ ಚಿಕ್ಕಮ್ಮನ ಮನೆಯಲ್ಲೇ ಉಳಿದಳು. ಚುರುಕು ಹುಡುಗಿ, ಮಾತು ಸಣ್ಣ, ನಗು ದೊಡ್ಡದು. ಅವಳ ಫೋನಿನಲ್ಲೂ ಆಟ ಇತ್ತು, ಅದೂ ನೀಲಿ ಪಾರ್ಟಿ. ಮೊದಲ ಸಂಜೆ ಮೂವರೂ ಕೂಡಿ ನಡೆದರು. ಮರಳಿ ಬಂದಾಗ ಶಿವಕಾಂತಾ ಬಾಗಿಲಲ್ಲೇ ಶುರುಮಾಡಿದಳು.

"ಅಕಿಗಿ ಖಾಲಾ ಅಂತಾಳ, ನನಗ ಆಂಟಿ ಅಂತಾಳ ನೋಡಕ್ಕಾ."

"ಮತ್ತೇನನ್ನಬೇಕು? ಅಕಿ ತಾಯಿ ತಂಗಿ, ನೀ ಏನಾಗಬೇಕು?" ಎಂದೆ.

"ಆಂಟಿ ಅಂತ ಅಂಗಡ್ಯಾಗ ಸಾಬಣ ತೊಗೊಳ್ಳಾಕ ಬಂದವರಿಗಿ ಅಂತಾರ," ಎಂದು ಒಳಗೆ ಹೋದಳು. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ತುಪ್ಪದ ದಿನ ನೆನಪಾಗಿ ನನಗೆ ನಗು ಬಂತು.

ನಿಜ ಹೇಳಬೇಕೆಂದರೆ ಅವಳಿಗೆ ಉರಿದದ್ದು ಆಂಟಿ ಎಂಬ ಮಾತಿಗಲ್ಲ. ತಂಡ ಆರಿಸುವಾಗ ಕರೀಮುನ್ನಿಸಾ ಇನ್ನೊಬ್ಬಳ ಫೋನಿನ ಮೇಲೆ ಬಗ್ಗಿದಳಲ್ಲ, ಅದಕ್ಕೆ. ಇಷ್ಟು ದಿನ "ಕೊಡ ಬೇ ಇಲ್ಲಿ" ಎಂದು ಕಸಿದುಕೊಳ್ಳುತ್ತಿದ್ದ ಫೋನು ಇವಳದು. ಈಗ ನಿಶಾತಳ ಫೋನು. ನಿಶಾತ ಒಮ್ಮೆ ಹೇಳಿದರೆ ಕಲಿಯುತ್ತಿದ್ದಳು. ಬೆಂಕಿಗೆ ಯಾವುದು, ಗಾಳಿಗೆ ಯಾವುದು ಎಂದು ಮರುದಿನ ತಾನೇ ಆರಿಸಿ ತೋರಿಸುತ್ತಿದ್ದಳು. ಕಲಿಸುವವರಿಗೆ ಇಂಥವರೆಂದರೆ ಜೀವ. ಶಿವಕಾಂತಾ ಹೇಳಿಸಿಕೊಂಡೂ ಹೇಳಿಸಿಕೊಂಡೂ ಮತ್ತೆ ಚೇರ್ಮನ್ನನ್ನೇ ಮೊದಲು ಹಾಕುವವಳು. ತಾನು ಕಲಿಯದೆ ಇದ್ದದ್ದಕ್ಕೇ ಕರೀಮುನ್ನಿಸಾ ಅಷ್ಟು ದಿನ ಫೋನು ಕಸಿದುಕೊಳ್ಳುತ್ತಿದ್ದಳು ಎಂಬುದು ಇವಳಿಗೆ ಆಗ ತಿಳಿದಿರಬೇಕು.

ಅಷ್ಟರಲ್ಲಿ ಒಂದು ಅನಾಹುತ ಆಯಿತು. ಟಾಕಿಯ ತಾಲೀಮಿನಲ್ಲಿ ಚೇರ್ಮನ್ ಕೂತಿದ್ದ. ಶಿವಕಾಂತಾ ಅಂಗಡಿಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಹಿಟ್ಟಿನ ಡಬ್ಬಿಯ ಮೇಲಿದ್ದ ಫೋನು ಗುಂಯ್ ಎಂದಿತು. ನೋಡಿದರೆ, ನಿಮ್ಮ ಚೇರ್ಮನ್ ತಾಲೀಮಿನಲ್ಲಿ ಸೋತಿದೆ, ಗೆದ್ದವರು ನಿಶಾತ. ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್. ಆಸ್ಪತ್ರೆಯಿಂದ ಮನೆಗೆ ಹೋಗುವ ಹುಡುಗಿ ದಾರಿಯಲ್ಲಿ ನಿಂತು ತಾಲೀಮು ಮಾಡುತ್ತಿದ್ದಳು. ಒಂದು ಜಾಗ ತೆರೆಯಲು ಅವಳು ಚೇರ್ಮನ್ನನ್ನು ಎಷ್ಟು ಸಲ ಕೆಡವಿದಳೋ, ಅಷ್ಟು ಸಲ ಫೋನು ಗುಂಯ್ ಎಂದಿತು. ಕೊನೆಯ ರೊಟ್ಟಿಯನ್ನು ಇವಳು ಬಡಿದ ಜೋರಿಗೆ ಅದು ನಡುವೆ ಹರಿದು ಹೋಯಿತು.

"ನಿನ್ನ ಹುಡುಗಿ ನನ್ನ ಚೇರ್ಮನ್ನಗ ಯಾಕ ಹೊಡಿತಾಳ?" ಎಂದು ಕೇಳಿದಳು.

"ನಿಂದ ದೊಡ್ಡದದ, ಅದಕ್ಕ," ಎಂದಳು ಕರೀಮುನ್ನಿಸಾ, ಹಂಚಿನ ಮೇಲಿದ್ದ ರೊಟ್ಟಿ ತಿರುವುತ್ತ. "ನಾನೂ ಅದರ ಜೋಡೀನೇ ಆಡ್ತೇನಿ. ಸಣ್ಣದರ ಜೋಡಿ ಆಡಿದ್ರ ಅಂಕ ಎಲ್ಲಿ ಸಿಗ್ತದ ಬೇ?"

"ನೀನೂ ಕೆಡವಿದಿ?"

"ಮೊದಲಿಂದಾ ಕೆಡವತೇನಲ್ಲ. ಗಿಡ್ಡಿಲೇ. ನಿನ್ನ ಫೋನ್ ನನ್ನ ಕೈಯಾಗೇ ಇರ್ತಿತ್ತು, ನೀ ನೋಡಿಲ್ಲ."

ಶಿವಕಾಂತಾ ಕೈ ತೊಳೆದುಕೊಂಡು ಎದ್ದುಬಿಟ್ಟಳು. "ನಮ್ಮಪ್ಪನ ಬೆನ್ನಿಗಿ ಮಣ್ಣ ಹತ್ತಿದ್ದ ಊರಾಗ ಯಾರೂ ನೋಡಿಲ್ಲ. ನನ್ನ ಚೇರ್ಮನ್ನಗ ನೀವಿಬ್ಬರೂ ದಿನಾ ಟಾಕಿ ಬುಡಕ ಕೆಡವಾಕತ್ತೀರಿ. ಅದೂ ಬಸವನಹುಳದಲೇ!"

ಕರೀಮುನ್ನಿಸಾಳಿಗೆ ಮೊದಲು ನಗು ಬಂತು, ಆಮೇಲೆ ಇವಳ ಮುಖ ನೋಡಿ ನಿಂತಿತು. ಒದೆಯದೆ ನಿಂತು ತಡೆದುಕೊಳ್ಳುವ ಎತ್ತು ಇವಳದೆಂದು ಅವಳು ಮರ್ಯಾದೆ ಕೊಟ್ಟಿದ್ದಳು. ಇವಳಿಗೆ ಕಂಡದ್ದು ಕುಸ್ತಿಯ ಮಣ್ಣು. ನನ್ನನ್ನು ಕೇಳಿದ್ದರೆ ಇಬ್ಬರಿಗೂ ಬುದ್ಧಿ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ಅಂಗಡಿ ಮಾತ್ರ ನಡೆಯಿತು. ಆದರೆ ಬಾಯಿ ಕಟ್ಟಿತು. "ಹಿಟ್ಟು." "ಬೆಂಕಿ ಸಣ್ಣ ಮಾಡು." "ಗಿರಾಕಿ ಬಂದಾರ." ಇಷ್ಟೇ ಮಾತು. ಸಂಜೆ ಅವರಿಬ್ಬರೂ ಟಾಕಿಯ ಕಡೆ ಹೋದರೆ ಇವಳು ಮನೆಗೆ ಬಂದು ಬಾಗಿಲಲ್ಲಿ ನಿಂತು ಆ ದಿಕ್ಕನ್ನೇ ನೋಡುತ್ತಿದ್ದಳು. ಹಾಗೆ ನಿಂತಿದ್ದಾಗಲೇ ಒಂದು ದಿನ ಹಳದಿ ಪಾರ್ಟಿಯವರು ಟಾಕಿಯ ತಾಲೀಮನ್ನು ಒಡೆದು ಎಲ್ಲರ ಪ್ರಾಣಿಗಳನ್ನೂ ಹೊರಹಾಕಿದರು. ಕರೀಮುನ್ನಿಸಾ, ನಿಶಾತ ಕೂಡಿ ಮರುದಿನವೇ ಅದನ್ನು ಗೆದ್ದುಕೊಂಡರು. ಗೆದ್ದ ಹೊಸದರಲ್ಲಿ ಎರಡೇ ಜಾಗ. ಎರಡೂ ಅವರವೇ. ಚೇರ್ಮನ್ ಇವಳ ಫೋನಿಗೆ ಮರಳಿ ಬಂದು ಸುಮ್ಮನೆ ಕೂತ.

"ಇಬ್ಬರೇ ಕುಂತಾರಕ್ಕಾ," ಎಂದು ಫೋನು ತಂದು ನನ್ನ ಮೂಗಿಗೆ ಹಿಡಿದಳು. "ನಾ ಇದ್ದ ಜಾಗಾದಾಗ ಅಕಿ ಕುಂತಾಳ. ನೋಡ, ಬಾಜೂಕ ಬಾಜೂಕ."

ನಾನು ನೋಡಿದೆ. ಒಂದು ಕಪ್ಪೆ, ಪಕ್ಕದಲ್ಲಿ ಒಂದು ನವಿಲಿನಂಥದ್ದು. ಇದಕ್ಕಾಗಿ ಒಬ್ಬ ಹೆಂಗಸು ಊಟ ಬಿಡಬಹುದೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಆದರೆ ಅವಳ ಕಣ್ಣುಗಳು ನಿಜವಾಗಿಯೂ ಕೆಂಪಾಗಿದ್ದವು.

"ನನಗೂ ಒಬ್ಬರು ಜೋಡಿ ಬೇಕು," ಎಂದು ಅವಳೇ ನನ್ನ ಫೋನಿಗೆ ಆಟ ಹಾಕಿದಳು. ನಾನು ಬೇಡವೆಂದೆ. ಬೇಡವೆಂದುಕೊಂಡೇ ಚಪ್ಪಲಿ ಮೆಟ್ಟಿದೆ. ಕೆರೆಯ ದಂಡೆ, ಅತನೂರ ರಸ್ತೆ, ಸಂತೆ ಬಯಲು, ಎಲ್ಲ ಕಡೆ ತಿರುಗಿದೆವು, ಟಾಕಿಯ ಕಡೆ ಮಾತ್ರ ಇಲ್ಲ. ಒಂದು ಗೂಬೆ ಹಿಡಿದೆ. ಇಷ್ಟು ವರ್ಷ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ನಿಂತವರು ನಾವು, ಹೀಗೆ ಪಕ್ಕದಲ್ಲಿ ನಡೆದದ್ದು ಅದೇ ಮೊದಲು. ಅವಳು ತನ್ನ ಊರಿನ ಮಾತು ಹೇಳುವಳು, ನಾನು ನನ್ನ ತವರಿನದು. ಸುಳ್ಳೇಕೆ ಹೇಳಲಿ, ಆ ಸಂಜೆಗಳು ನನಗೆ ಬಹಳ ಹಿಡಿಸಿದವು. ಮಧ್ಯಾಹ್ನ ಮೂರಾದರೆ ಗಡಿಯಾರ ನೋಡುವಂತಾಗಿದ್ದೆ.

ಅವಳಿಗೆ ಮಾತ್ರ ನಾನು ಒಂದು ಆಯುಧ. ಮರುದಿನ ಅಂಗಡಿಯಲ್ಲಿ ಗಿರಾಕಿಯ ಜೊತೆ ಮಾತಾಡುವವಳ ಹಾಗೆ, ಕರೀಮುನ್ನಿಸಾಳಿಗೆ ಕೇಳಲೆಂದು ನನ್ನ ಹೆಸರು ತೆಗೆದು ಹೇಳುತ್ತಿದ್ದಳು. "ನಿನ್ನೆ ನಾನೂ ನಮ್ಮ ಭುವನಕ್ಕಾನೂ ಕೆರಿತನಕ ಹೋಗಿದ್ವಿ. ಅಬ್ಬಾ, ಎಷ್ಟ ಪ್ರಾಣಿ ಸಿಕ್ಕು!"

"ಛಲೋ ಆತ ಬಿಡು," ಎನ್ನುತ್ತಿದ್ದಳು ಕರೀಮುನ್ನಿಸಾ. "ಸಕ್ಕರಿ ಇಳಿತದ."

ಈ ಒಂದು ಮಾತಿಗೆ ಶಿವಕಾಂತಾ ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದ್ದು ನೋಡಬೇಕಿತ್ತು. ಜಗಳ ಆಡಿದ್ದರೆ ಸಹಿಸುತ್ತಿದ್ದಳು. ಸಕ್ಕರೆ ಇಳಿಯುತ್ತದಂತೆ!

ನಮ್ಮ ಬಳಗದ ಮದುವೆಯೊಂದು ಜೇವರ್ಗಿಯಲ್ಲಿತ್ತು, ಇಬ್ಬರೂ ಹೋದೆವು. ಅಕ್ಕಿಕಾಳು ಹಾಕಿ, ಉಂಡು, ಮರಳುವ ಬಸ್ಸಿಗೆ ಕಾಯುತ್ತ ನಿಲ್ದಾಣದಲ್ಲಿ ನಿಂತಿದ್ದೆವು. ಅಲ್ಲೊಂದು ತಾಲೀಮು, ನಮ್ಮ ನೀಲಿ ಪಾರ್ಟಿಯದೇ. ಒಂದು ಜಾಗ ಖಾಲಿ ಇತ್ತು, ಶಿವಕಾಂತಾ ಚೇರ್ಮನ್ನನ್ನು ಕೂರಿಸಿದಳು. "ನಿನ್ನ ಗೂಬಿಗೂ ಜಾಗ ತೆಗಿತೇನಿ ತಡಿ," ಎಂದು ತಾಲೀಮು ಶುರು ಮಾಡಿದಳು. ಅಲ್ಲಿ ಕೂತಿದ್ದ ಯಾರದೋ ಗಿಡುಗದ ಎದುರು ತಂಡ ಕಟ್ಟಬೇಕು. ಇದ್ದುದರಲ್ಲಿ ದೊಡ್ಡದನ್ನು ಹಾಕಿದಳು, ಗೆದ್ದಳು, ಅಂಕ ಬರಲಿಲ್ಲ. ಮತ್ತೆ ಹಾಕಿದಳು. ಮತ್ತೆ ಬರಲಿಲ್ಲ. ಆಮೇಲೆ ಪ್ರಾಣಿಗಳ ಸಾಲನ್ನು ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ಸರಿಸುತ್ತ ನಿಂತುಬಿಟ್ಟಳು.

"ಸಣ್ಣವು ಹಾಕಿ ನೋಡಬಾರದಾ?" ಎಂದೆ.

"ಯಾವ ಸಣ್ಣವು ಅಂತ ನನಗೇನ ಗೊತ್ತು?" ಎಂದು ರೇಗಿದಳು. ಆಮೇಲೆ, ನನಗಲ್ಲ, ಫೋನಿಗೆ ಹೇಳುವಂತೆ, "ಅಕಿ ಇದ್ರ ಯಾವದ ಹಾಕ್ತಿದ್ದಳೋ," ಎಂದಳು.

ಎರಡು ಬಸ್ಸು ಹೋದವು. ಕೊನೆಗೆ ಕರೀಮುನ್ನಿಸಾ ಎಂದೋ ಹೇಳಿದ್ದನ್ನು ನೆನಪಿಸಿಕೊಂಡು, ಕಲ್ಲಿನ ಮೈಯ ಒಂದು ಆಮೆಯನ್ನು ಹಾಕಿದಳು. ಗಿಡುಗ ಬಿತ್ತು. ಅಂಕ ಸುರಿಯಿತು. ನನ್ನ ಗೂಬೆ ಚೇರ್ಮನ್ನನ ಪಕ್ಕದಲ್ಲಿ ಕೂತಿತು. ನಾನು ಚಪ್ಪಾಳೆ ತಟ್ಟಿದೆ, ಬಸ್ ನಿಲ್ದಾಣದಲ್ಲಿ, ಈ ವಯಸ್ಸಿನಲ್ಲಿ. ಅವಳು ಪಕ್ಕಕ್ಕೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ಪಕ್ಕದಲ್ಲಿರುವವಳು ನಾನು ಎಂದು ಕಂಡು ಫೋನನ್ನು ಚೀಲಕ್ಕೆ ಹಾಕಿಕೊಂಡಳು.

ಅದಾದ ಭಾನುವಾರ ಬೇಕಂತಲೇ ನನ್ನನ್ನು ಟಾಕಿಯ ಕಡೆ ಎಳೆದುಕೊಂಡು ಹೋದಳು. ರಸ್ತೆಯ ಈಚೆ ಕಬ್ಬಿನ ಹಾಲಿನ ಅಂಗಡಿ, ಅದರ ಗೋಣಿತಟ್ಟಿನ ಮರೆಯಲ್ಲಿ ಕೂತೆವು. ಆಚೆ ಟಾಕಿಯ ಕಟ್ಟೆಯ ಮೇಲೆ ಕರೀಮುನ್ನಿಸಾ, ನಿಶಾತ. ನಮಗೆ ಬೆನ್ನು. ಇಬ್ಬರ ತಲೆಯೂ ಒಂದೇ ಫೋನಿನ ಮೇಲೆ. ಶಿವಕಾಂತಾ ತನ್ನ ಫೋನು ತೆಗೆದು ನೋಡಿದಳು. ತಾಲೀಮಿನ ಅಂಕ ಏರುತ್ತಿತ್ತು. ಗಿಡ್ಡಿ ಹೋಗಿ ನಿಶಾತಳ ನವಿಲನ್ನು ಮತ್ತೆ ಮತ್ತೆ ಕೆಡವುತ್ತಿತ್ತು.

"ಮೂರನೇ ಜಾಗಾ ತೆಗಿಯಾಕತ್ತಾರ," ಎಂದಳು. "ಇಬ್ಬರವೂ ಕುಂತಾವ. ಇನ್ನ ಯಾರ ಸಲುವಾಗಿ? ಆಸ್ಪತ್ರ್ಯಾಗಿನ ಗೆಳತ್ಯಾರಿಗಿ ಇರಬೇಕು. ನಾ ಸತ್ತೇನಂತ ತಿಳದಾಳ ಅಕಿ."

ಅವಳ ಬೆರಳು ಪರದೆಯ ಮೇಲೆ ಸಿದ್ಧವಾಗಿ ನಿಂತದ್ದು ನೋಡಿ ನನಗೆ ಅರ್ಥವಾಯಿತು. ಒಬ್ಬರು ಬೆವರು ಸುರಿಸಿ ತೆರೆದ ಜಾಗಕ್ಕೆ ಇನ್ನೊಬ್ಬರು ನುಗ್ಗಿ ಕೂರುವುದು ಈ ಆಟದಲ್ಲಿ ಬಹಳ ಕೆಟ್ಟ ಕೆಲಸವಂತೆ. ಅವಳೇ ನನಗೆ ಹೇಳಿಕೊಟ್ಟದ್ದು.

"ಬ್ಯಾಡ ಶಿವಕಾಂತಾ."

"ಸುಮ್ಮನಿರಕ್ಕಾ."

ಜಾಗ ತೆರೆಯಿತು. 'ಕೂರಿಸಿ' ಎಂಬ ಗುಂಡಿ ಕಂಡದ್ದೇ ತಡ ಒತ್ತಿದಳು. ಚೇರ್ಮನ್ ಜೇವರ್ಗಿಯಲ್ಲಿ ಕೂತಿದ್ದ, ಆತುರದಲ್ಲಿ ಬೆರಳಿಗೆ ಸಿಕ್ಕದ್ದು ಒಂದು ಕುಂಟ ಬಾತುಕೋಳಿ. ಅದೇ ಹೋಗಿ ಕೂತಿತು. ನಾವು ಕಬ್ಬಿನ ಹಾಲನ್ನು ಅರ್ಧಕ್ಕೇ ಬಿಟ್ಟು, ಕಳ್ಳರಂತೆ ಓಣಿ ಹಿಡಿದೆವು. ಮನೆಯವರೆಗೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅಷ್ಟು ಖುಷಿಯಾಗಿ ಅವಳನ್ನು ನೋಡಿ ಬಹಳ ದಿನವಾಗಿತ್ತು.

"ನಾಳೆ ಬೈಕೋತ ಬರ್ತಾಳ ನೋಡು," ಎಂದಳು. ಮಲಗುವವರೆಗೂ ಅದನ್ನೇ ಹೇಳಿದಳು. ಬೈಯಲಿ ಎಂದು ಅವಳು ಕಾಯುತ್ತಿದ್ದಳು.

ಆ ಜಗಳ ನೋಡಲೇಬೇಕೆಂದು ಮರುದಿನ ನಾನೂ ರೊಟ್ಟಿ ಕೇಂದ್ರಕ್ಕೆ ಹೋದೆ. ಕರೀಮುನ್ನಿಸಾ ದೂರದಿಂದಲೇ ನಗುತ್ತ ಬಂದಳು, ಹಿಂದೆ ನಿಶಾತ.

"ಬಾತು ಕುಂಡ್ರಿಸಿದೆಲ್ಲ ಬೇ! ಚೇರ್ಮನ್ ಎಲ್ಲಿ ಹೋದ?" ಎಂದು ಶಿವಕಾಂತಾಳ ಹೆಗಲಿಗೆ ಒಂದು ಗುದ್ದು ಕೊಟ್ಟಳು. "ನಿನಗ ಫೋನ್ ಹಚ್ಚಬೇಕಂತ ನಂಬರ್ ಹುಡಕಾಕತ್ತಿದ್ದೆ, ಅಷ್ಟರಾಗ ನೀನೇ ಬಂದ ಕುಂತಿ. ಎಲ್ಲಿದ್ದಿ? ಹ್ಯಾಂಗ ಗೊತ್ತಾತ?"

"ಆ ಜಾಗಾ ನಿಮ್ಮ ಸಲುವಾಗೇ ಇತ್ರಿ ಆಂಟಿ," ಎಂದಳು ನಿಶಾತ. "ಖಾಲಾ ಹಟಾ ಹಿಡದಿದ್ದಳ್ರಿ. ಆಂಟಿಗಿ ಜಾಗಾ ತೆಗಿಲಾರದ ಮನಿಗಿ ಹೋಗಂಗಿಲ್ಲ ಅಂತ ದಿನಾ ಕುಂಡ್ರತಿದ್ದಳು. ನನ್ನ ನವಿಲಿಗಿ ಎಷ್ಟ ಸಲ ಕೆಡವಿದ್ಲು ಕೇಳ್ರಿ!"

ಶಿವಕಾಂತಾ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಬಾಯಿ ಮುಚ್ಚಿಕೊಂಡಿರು ಎಂದಿತ್ತು. ಮುಚ್ಚಿಕೊಂಡೆ. ಕೊಡಲೆಂದು ಇಟ್ಟದ್ದನ್ನು ಕದ್ದವಳು ಕೊಟ್ಟವರಿಗೆ ಏನು ಹೇಳುತ್ತಾಳೆ? ಹಿಟ್ಟಿಗೆ ನೀರು ಹಾಕಿ ನಾದಲು ಶುರುಮಾಡಿದಳು. ಆವತ್ತಿನ ರೊಟ್ಟಿ ಒಂದೂ ದುಂಡಗಾಗಲಿಲ್ಲ.

ಎಲ್ಲ ಸರಿಹೋಯಿತೆಂದು ನಾನು ತಿಳಿದೆ. ಎಲ್ಲಿಯದು? ಮನೆಗೆ ಬಂದವಳೇ ಗೋಡೆಗೆ ಒರಗಿ ಅಳತೊಡಗಿದಳು.

"ಇನ್ನೇನಾತ ನಿನಗ? ಜಾಗಾ ಸಿಕ್ತಲ್ಲ," ಎಂದೆ.

"ಜಾಗಾ ಒಯ್ದ ಭಾವಿಗಿ ಹಾಕು," ಎಂದಳು. "ಅಕಿ ಮಂದಿಗೆಲ್ಲಾ ಹಿಂಗೇ ಕೊಡ್ತಾಳಕ್ಕಾ. ನಿಶಾತಗ ಕೊಡ್ತಾಳ, ನನಗ ಕೊಡ್ತಾಳ, ನಾಳೆ ನೀ ಹೋದ್ರ ನಿನಗೂ ಕೊಡ್ತಾಳ. ನನಗ ಹೊಟ್ಟಿ ಸುಟ್ಟ ಬೂದಿ ಆತು. ಅಕಿಗಿ ಒಂದಿನಾರೆ ನನ್ನ ಸಲುವಾಗಿ ಉರದದೇನು? ನಿನ್ನ ಜೋಡಿ ಕೆರಿಗಿ ಹೋದೆ ಅಂದ್ರ ಸಕ್ಕರಿ ಇಳಿತದ ಅಂದ್ಲು. ನಾ ಹೋದ್ರೂ ಅಕಿಗಿ ಛಲೋ, ಇದ್ರೂ ಛಲೋ."

ಗೆಳತಿ ತನಗಾಗಿ ಹೊಟ್ಟೆಕಿಚ್ಚು ಪಡಲಿಲ್ಲವೆಂದು ಅಳುವವಳನ್ನು ನಾನು ಕಂಡದ್ದು ಇವಳೊಬ್ಬಳನ್ನೇ. ಮುಖ ತೊಳೆದುಕೋ, ಸಂಜೆ ಅತನೂರ ರಸ್ತೆಗೆ ಹೋಗೋಣ ಎಂದೆ. ತಲೆಯಾಡಿಸಿದಳು.

ಸಂಜೆ ನಾವು ಹೊರಡುವ ಹೊತ್ತಿಗೆ ಕರೀಮುನ್ನಿಸಾ ನಮ್ಮ ಬಾಗಿಲಿಗೆ ಬಂದಳು. ಒಬ್ಬಳೇ. ನಿಶಾತ ಜೊತೆಯಲ್ಲಿಲ್ಲ. ಶಿವಕಾಂತಾ ಒಳಗೆ ತಲೆ ಬಾಚಿಕೊಳ್ಳುತ್ತಿದ್ದಳು, ಹೊಸಿಲಲ್ಲಿ ನಾನಿದ್ದೆ. ಬರ್ರಿ ಕೂಡ್ರಿ ಎಂದರೆ ಕೂರಲಿಲ್ಲ.

"ಭುವನಕ್ಕಾ, ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ," ಎಂದಳು. ಅವಳ ದನಿಯಲ್ಲಿ ನಗು ಇರಲಿಲ್ಲ. "ಜೇವರ್ಗಿ ತಾಲೀಮಿನ್ಯಾಗ ಚೇರ್ಮನ್ನನ ಬಾಜೂಕ ಒಂದ ಗೂಬಿ ಕುಂತದ. ನಿಮ್ದೇನ್ರಿ ಅದು?"

ಹೌದೆಂದೆ. ಗೆಳೆಯರ ಪ್ರಾಣಿ ಎಲ್ಲೆಲ್ಲಿ ಕೂತಿವೆ ಎಂದು ಫೋನು ತೋರಿಸುತ್ತದೆ, ಅದರಲ್ಲಿ ನೋಡಿದ್ದಳು.

"ಅಕಿನೇ ತಂಡಾ ಕಟ್ಟಿ ನಿಮಗ ಜಾಗಾ ತೆಗದ್ಲು?"

"ಹೌದು. ಆಮಿ ಹಾಕಿ ಗಿಡಗಕ್ಕ ಕೆಡವಿದ್ಲು."

"ಆಮಿ ಹಾಕಬೇಕಂತ ನಾ ಹೇಳಿಕೊಟ್ಟಿದ್ದೆ." ಅವಳು ಒಂದು ಮೆಟ್ಟಿಲು ಮೇಲೆ ಬಂದಳು. "ಜೇವರ್ಗಿ ನಮ್ಮಕ್ಕನ ಊರ್ರಿ. ಶಿವಕಾಂತಾಗ ಅಲ್ಲಿಗಿ ಕರ್ಕೊಂಡ ಹೋಗಬೇಕು, ಆ ತಾಲೀಮಿನ್ಯಾಗ ಇಬ್ಬರೂ ಕುಂಡ್ರಬೇಕಂತ ಎಷ್ಟ ದಿನದಿಂದ ಮಾಡಿದ್ದೆ. ನೀವ ಹೋಗಿ ಕುಂತ್ರಿ. ಕೆರಿಗಿ ಹೋದ್ರ ಹೋಗ್ಲಿ ಅಂತ ಬಾಯಿಲೇ ಅಂದೆ, ಚೇರ್ಮನ್ ಎಲ್ಲಿ ಅಂತ ಮುಂಜಾನಿ ಗೊತ್ತಿದ್ದೇ ಕೇಳಿದೆ. ದಿನಾ ಫೋನ್ ತೆಗದ ಆ ಗೂಬಿ ನೋಡ್ತೇನಿ, ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗ್ತದ. ಇನ್ನ ಮ್ಯಾಲ ಅಕಿಗಿ ಕರ್ಕೊಂಡ ತಿರಗಬ್ಯಾಡ್ರಿ ನೀವು. ಅಕಿ ನನ್ನ ಜೋಡಿ."

ಒಳಗೆ ಬಾಚಣಿಗೆ ನೆಲಕ್ಕೆ ಬಿದ್ದ ಸದ್ದಾಯಿತು. ಶಿವಕಾಂತಾ ಅರ್ಧ ಹೆಣೆದ ಜಡೆಯಲ್ಲೇ ಹೊರಗೆ ಬಂದಳು. ಅವಳ ಮುಖವನ್ನು ನಾನು ಹೇಗೆ ಹೇಳಲಿ? ಮದುವೆಯ ದಿನವೂ ಆ ಮುಖಕ್ಕೆ ಅಷ್ಟು ಕಳೆ ಇರಲಿಲ್ಲ.

"ಏನಂದಿ?" ಎಂದಳು.

"ಏನಿಲ್ಲ, ನಡಿ," ಎಂದಳು ಕರೀಮುನ್ನಿಸಾ ಸಿಟ್ಟಿನಿಂದ.

"ಬೆಂಕಿ ಬಿದ್ದಂಗ ಆಗ್ತದಂದಿ?"

"ಬಾಯಿ ಮುಚಗೊಂಡ ನಡಿ ಬೇ. ಆ ಬಾತು ನಾಳೆ ಯಾರರೆ ಹೊಡದ ಹಾಕ್ತಾರ. ಫೋನ್ ಕೊಡ ಇಲ್ಲಿ."

ಶಿವಕಾಂತಾ ಫೋನು ಕೊಟ್ಟಳು. ಇಬ್ಬರೂ ಅದರ ಮೇಲೆ ತಲೆ ಬಗ್ಗಿಸಿಕೊಂಡು ಮೆಟ್ಟಿಲು ಇಳಿದರು. ಓಣಿಯ ತಿರುವಿನಲ್ಲಿ ಆ ಹಳೆಯ ನಗು ಕೇಳಿಸಿತು. ನೀನೂ ಬಾ ಎಂದು ಇಬ್ಬರಲ್ಲಿ ಒಬ್ಬಳಾದರೂ ಅನ್ನಲಿಲ್ಲ. ನಾನು ಆಗಲೇ ಸೀರೆ ಬದಲಿಸಿ, ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದೆ.